ಸೈಕಲ್ಲಿಗೆ ಯಾವ ಎಂಜಿನ್? ಘಟ್ಟ, ಮಳೆ ಮತ್ತು 25 ಸಿಸಿಯ ಲೆಕ್ಕ

ಸೈಕಲ್ಲಿಗೆ ಎಂಜಿನ್ ಕೂರಿಸಲು ಹೊರಟವರ ಮೊದಲ ಪ್ರಶ್ನೆ ‘ಎಷ್ಟು ಸಿಸಿ ಹಾಕಲಿ’ ಎಂಬುದು. ಇದನ್ನು ಕಾನೂನೇ ಅರ್ಧ ಬಗೆಹರಿಸಿಬಿಟ್ಟಿದೆ. ‘ಮೋಟಾರು ವಾಹನ’ ಎಂದರೇನು ಎಂದು 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(28) ಹೇಳುತ್ತದೆ. ನಾಲ್ಕಕ್ಕಿಂತ ಕಡಿಮೆ ಚಕ್ರಗಳಿದ್ದು, 25 ಸಿಸಿ ಮೀರದ ಎಂಜಿನ್ ಇರುವ ಗಾಡಿಯನ್ನು ಅದು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. 25ರೊಳಗಿದ್ದರೆ ನಿಮ್ಮದು ಎಂಜಿನ್ ಇರುವ ಸೈಕಲ್. ಅದಕ್ಕಿಂತ ಒಂದು ಸಿಸಿ ಹೆಚ್ಚಾದರೂ ನೋಂದಣಿ, ವಿಮೆ, ಲೈಸೆನ್ಸ್ ಎಲ್ಲ ಬೇಕಾಗುವ ಮೋಟಾರು ವಾಹನ. ಮನೆಯಲ್ಲಿ ಕಟ್ಟಿದ ಗಾಡಿಗೆ ತಯಾರಕರ ಮಾದರಿ ಅನುಮೋದನೆ ಇರುವುದಿಲ್ಲ, ಹಾಗಾಗಿ ಕೆಎ-30 ಕಾರವಾರವಾಗಲಿ ಕೆಎ-31 ಶಿರಸಿಯಾಗಲಿ, ಆರ್‌ಟಿಒದಲ್ಲಿ ಅದಕ್ಕೆ ನಂಬರ್ ಸಿಗುವ ದಾರಿ ಇಲ್ಲವೆಂದೇ ಇಟ್ಟುಕೊಳ್ಳಿ. ‘ನಮ್ಮ ತೋಟದೊಳಗಷ್ಟೇ ಓಡಿಸುವುದು’ ಎಂಬ ಸಮಾಧಾನವೂ ಪೂರ್ತಿ ನಿಲ್ಲುವುದಿಲ್ಲ. ನೋಂದಣಿಯ ಬಗ್ಗೆ ಇರುವ ಸೆಕ್ಷನ್ 39 ಸಾರ್ವಜನಿಕ ಸ್ಥಳದ ಜೊತೆಗೆ ‘ಬೇರೆ ಯಾವುದೇ ಸ್ಥಳ’ವನ್ನೂ ಸೇರಿಸಿಕೊಂಡಿದೆ.

ಅಲ್ಲಿಗೆ ಆಯ್ಕೆ ಸಣ್ಣದಾಯಿತು. ಆದರೆ ಇಷ್ಟು ಸಣ್ಣ ಎಂಜಿನ್ ನಮ್ಮ ಉತ್ತರ ಕನ್ನಡದ ಏರುಗಳನ್ನು ಹತ್ತುತ್ತದೆಯೇ? ಹತ್ತುತ್ತದೆ, ಗಿಯರ್ ಲೆಕ್ಕ ಸರಿ ಇದ್ದರೆ. ಲೆಕ್ಕ ತಪ್ಪಿದರೆ ಇದರ ಎರಡರಷ್ಟು ಸಿಸಿ ಇದ್ದರೂ ಕ್ಲಚ್ ಸುಟ್ಟುಕೊಂಡು ದಾರಿಯಲ್ಲಿ ನಿಲ್ಲುತ್ತದೆ.

ಕೈಗೆ ಸಿಗುವ ಎಂಜಿನ್‌ಗಳು

ಆನ್‌ಲೈನ್‌ನಲ್ಲಿ ‘80 ಸಿಸಿ ಸೈಕಲ್ ಕಿಟ್’ ಎಂದು ಬರುವುದು ಟೂ-ಸ್ಟ್ರೋಕ್ ಎಂಜಿನ್. ಸೈಕಲ್ಲಿನ ತ್ರಿಕೋನದೊಳಗೆ ಕೂರುತ್ತದೆ. ಅದರ ಬೋರ್ (ಸಿಲಿಂಡರಿನ ಒಳವ್ಯಾಸ) 47 ಮಿಮೀ, ಸ್ಟ್ರೋಕ್ (ಪಿಸ್ಟನ್ ಸರಿಯುವ ದೂರ) 38 ಮಿಮೀ, ಇವುಗಳಿಂದ ಸಿಲಿಂಡರಿನ ಗಾತ್ರ ಲೆಕ್ಕ ಹಾಕಿದರೆ 66 ಸಿಸಿ. 80 ಬರೀ ಪೆಟ್ಟಿಗೆಯ ಮೇಲಿನ ಸಂಖ್ಯೆ. ಅದರ ತಮ್ಮ 48 ಸಿಸಿಯದು. ಎರಡೂ ಕಾನೂನಿನ ಗಡಿಯಾಚೆ.

ಇನ್ನು ನಮ್ಮ ಕಡೆಯ ತೋಟಗಳಲ್ಲೇ ಇರುವ ಎಂಜಿನ್‌ಗಳು. ಕಳೆ ಕೊಚ್ಚುವ ಮಷಿನ್ನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಅಂಗಡಿಗಳಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಬರವಿಲ್ಲ, ಬಿಡಿಭಾಗವೂ ಸಿಗುತ್ತದೆ. ಮೊದಲ ಗಾಡಿ ಕಟ್ಟುವವರಿಗೆ ಇದು ಸಣ್ಣ ಅನುಕೂಲವಲ್ಲ. ಇವುಗಳಲ್ಲಿ ಚೀನಾದ ಟೂ-ಸ್ಟ್ರೋಕ್‌ಗಳು 43 ಮತ್ತು 52 ಸಿಸಿಯವು. ಹೋಂಡಾದ ಫೋರ್-ಸ್ಟ್ರೋಕ್ ಜಿಎಕ್ಸ್35 ಎಂಬುದು 35.8 ಸಿಸಿ, 7,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 1 ಕಿಲೋವ್ಯಾಟ್ ಕೊಡುತ್ತದೆ. ಎಂಜಿನ್ ಬಹಳ ಒಳ್ಳೆಯದು, ಆದರೆ ಇದೂ ಗಡಿಯಾಚೆಯದೇ. ಅದೇ ಮನೆತನದ ಜಿಎಕ್ಸ್25: ಬೋರ್ 35, ಸ್ಟ್ರೋಕ್ 26, ಕಂಪನಿಯ ಪಟ್ಟಿಯಲ್ಲಿ 25.0 ಸಿಸಿ, 7,000ದಲ್ಲಿ 0.72 ಕಿಲೋವ್ಯಾಟ್, 5,000ದಲ್ಲಿ 1 ನ್ಯೂಟನ್-ಮೀಟರ್ ತಿರುಚುಬಲ (ಟಾರ್ಕ್). ತೂಕ ಮೂರು ಕೆಜಿಯ ಆಸುಪಾಸು. ಮೊದಲ ಗಾಡಿಗೆ ನಮ್ಮ ಆಯ್ಕೆ ಇದೇ.

ಒಂದು ಎಚ್ಚರಿಕೆ. ಸ್ಪ್ರೇಯರ್‌ಗಳಲ್ಲಿ ‘26 ಸಿಸಿ’ಯ ಟೂ-ಸ್ಟ್ರೋಕ್ ಎಂಜಿನ್ ಧಾರಾಳವಾಗಿ ಸಿಗುತ್ತದೆ. ಅದರ ಬೋರ್ 34, ಸ್ಟ್ರೋಕ್ 28, ಲೆಕ್ಕ ಹಾಕಿದರೆ 25.4. ಕೂದಲೆಳೆಯಷ್ಟು ಹೆಚ್ಚು, ಆದರೂ ಹೆಚ್ಚೇ. ಎಂಜಿನ್ ಯಾವುದೇ ಇರಲಿ, ಸಿಸಿ ನಮೂದಿಸಿದ ಪ್ಲೇಟ್ ಅಥವಾ ಸ್ಟಿಕ್ಕರ್ ಕೀಳಬೇಡಿ, ಕೈಪಿಡಿಯ ವಿವರದ ಪುಟವನ್ನು ಗಾಡಿಯಲ್ಲೇ ಇಟ್ಟುಕೊಳ್ಳಿ. ರಸ್ತೆಯಲ್ಲಿ ಯಾರಾದರೂ ತಡೆದರೆ ತೋರಿಸಲು ಇರುವ ದಾಖಲೆ ಅದೊಂದೇ.

ಹಳೆಯ ಲೂನಾ, ಟಿವಿಎಸ್ 50 ಎಂಜಿನ್ ಬಿಚ್ಚಿ ಹಾಕುವ ಆಸೆಯೂ ಹಲವರಿಗೆ ಇರುತ್ತದೆ. 50 ಸಿಸಿಯಾದ್ದರಿಂದ ಕಾನೂನಿಗೆ ಒಗ್ಗುವುದಿಲ್ಲ. ಅದಲ್ಲದೆ ಅವು ತಮ್ಮದೇ ಫ್ರೇಮಿಗೆಂದು ಮಾಡಿದ ಎಂಜಿನ್‌ಗಳು, ಸೈಕಲ್ಲಿಗೆ ಹೊಂದಿಸಲು ಬೇಕಾಗುವ ವೆಲ್ಡಿಂಗ್ ಕೆಲಸದಲ್ಲಿ ಹೊಸ ಗಾಡಿಯನ್ನೇ ಕಟ್ಟಬಹುದು.

ಏರಿನ ಲೆಕ್ಕ

ಕಾರವಾರದಿಂದ ಅಂಕೋಲಾ, ಕುಮಟಾ, ಹೊನ್ನಾವರದವರೆಗೆ ಸಮುದ್ರದ ಬದಿಯ ಊರುಗಳಲ್ಲಿ ತಿರುಗಾಡುವವರಿಗೂ, ಸುಮಾರು 590 ಮೀಟರ್ ಎತ್ತರದ ಶಿರಸಿಯ ಸುತ್ತ ತಿರುಗುವವರಿಗೂ ಒಂದೇ ಗಿಯರ್ ಹೊಂದುವುದಿಲ್ಲ. ದೇವಿಮನೆ ಘಟ್ಟವೋ ಅರಬೈಲ್ ಘಟ್ಟವೋ ಹತ್ತುವವರ ಮಾತು ಬೇರೆಯೇ. ಆದರೆ ಎಂಜಿನ್ನಿಗೆ ನಿಜವಾದ ಪರೀಕ್ಷೆ ಘಟ್ಟದ ರಸ್ತೆಯಲ್ಲ. ಘಟ್ಟದ ರಸ್ತೆಯನ್ನು ಲಾರಿ, ಬಸ್ಸು ಹತ್ತಬೇಕೆಂದೇ ಕಡಿದಿರುತ್ತಾರೆ, 100 ಮೀಟರಿಗೆ ಐದಾರು ಮೀಟರ್ ಏರು ಅಲ್ಲಿ ಸಾಮಾನ್ಯ. ಕಣಿವೆಯ ತೋಟದ ಮನೆಯಿಂದ ಡಾಂಬರು ರಸ್ತೆಗೆ ಹತ್ತುವ ಮಣ್ಣಿನ ದಾರಿ ಅದಕ್ಕಿಂತ ಎಷ್ಟೋ ಕಡಿದಾಗಿರುತ್ತದೆ.

ಆದ್ದರಿಂದ ಎಂಜಿನ್ ಕೊಳ್ಳುವ ಮೊದಲು ನಿಮ್ಮ ದಾರಿಯ ಏರನ್ನು ಅಳೆಯಿರಿ. ಸರಿಯಾಗಿ ಒಂದು ಮೀಟರ್ ಉದ್ದದ ನೇರ ರೀಪು ತೆಗೆದುಕೊಳ್ಳಿ. ಏರಿನ ದಿಕ್ಕಿಗೆ ಅದನ್ನು ನೆಲದ ಮೇಲಿಟ್ಟು, ಮೇಲೆ ಗಾರೆ ಕೆಲಸದ ಮಟ್ಟಗೋಲು ಅಥವಾ ಮಟ್ಟ ತೋರಿಸುವ ಮೊಬೈಲ್ ಇಡಿ. ತಗ್ಗಿನ ತುದಿಯನ್ನು ಮಟ್ಟಕ್ಕೆ ಬರುವವರೆಗೆ ಎತ್ತಿ, ಆ ತುದಿ ನೆಲದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ ನೋಡಿ. ಆರು ಸೆಂಟಿಮೀಟರ್ ಆದರೆ ಏರು ಶೇ 6. ದಾರಿಯ ಅತಿ ಕಡಿದಾದ ಮೂರ್ನಾಲ್ಕು ಕಡೆ ಅಳೆದು ದೊಡ್ಡ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಈಗ ಎಳೆತ. ಸವಾರ 65 ಕೆಜಿ, ಸೈಕಲ್ 20, ಎಂಜಿನ್, ಚೈನು, ಸ್ಟ್ಯಾಂಡು, ಚೀಲ ಎಲ್ಲ ಸೇರಿ 15, ಒಟ್ಟು 100 ಕೆಜಿ ಎಂದಿಟ್ಟುಕೊಳ್ಳೋಣ. 100 ಕೆಜಿಗೆ ಶೇ 1ರ ಏರು ಎಂದರೆ ಚಕ್ರ ಸುಮಾರು 1 ಕೆಜಿ ಬಲದಿಂದ ಎಳೆಯಬೇಕು. ಶೇ 6ಕ್ಕೆ 6 ಕೆಜಿ, ಶೇ 10ಕ್ಕೆ 10. ಟೈರಿನ ಉರುಳು ತಡೆಗೆ ನಮ್ಮ ರಸ್ತೆಗಳಲ್ಲಿ ಸುಮಾರು 1.2 ಕೆಜಿ ಸೇರಿಸಿ. 15 ಕಿಮೀ ವೇಗದಲ್ಲಿ ಗಾಳಿಯ ತಡೆ ಅರ್ಧ ಕೆಜಿಯಷ್ಟು. ಹಾಗಾದರೆ ಶೇ 6ರ ಏರಿಗೆ ಒಟ್ಟು ಸುಮಾರು 7.7 ಕೆಜಿ, ಶೇ 10ಕ್ಕೆ 11.7 ಕೆಜಿ.

ಎಂಜಿನ್ ಕಡೆಯಿಂದ ಬರುವುದೆಷ್ಟು? ಜಿಎಕ್ಸ್25ರ 1 ನ್ಯೂಟನ್-ಮೀಟರನ್ನು ಒಟ್ಟು ಗಿಯರ್ ಅನುಪಾತದಿಂದ, ಅಂದರೆ ಚಕ್ರ ಒಂದು ಸುತ್ತು ಬರಲು ಎಂಜಿನ್ ಎಷ್ಟು ಸುತ್ತು ತಿರುಗಬೇಕೋ ಆ ಸಂಖ್ಯೆಯಿಂದ ಗುಣಿಸಿ. ಚೈನು, ಬೇರಿಂಗ್‌ಗಳಲ್ಲಿ ಐದರಲ್ಲೊಂದು ಪಾಲು ಹೋಗುತ್ತದೆ ಎಂದು 0.8ರಿಂದ ಗುಣಿಸಿ. ಬಂದದ್ದನ್ನು ಚಕ್ರದ ತ್ರಿಜ್ಯದಿಂದ ಭಾಗಿಸಿ, 26 ಇಂಚಿನ ಚಕ್ರಕ್ಕೆ ಅದು 0.33 ಮೀಟರ್. ಅನುಪಾತ 35 ಇದ್ದರೆ 85 ನ್ಯೂಟನ್, ಅಂದರೆ 8.6 ಕೆಜಿ ಎಳೆತ. ಶೇ 6ರ ಏರು ತುಳಿಯದೆಯೇ ಹತ್ತಿತು. ಶೇ 10ರಲ್ಲಿ ಮೂರು ಕೆಜಿ ಚಿಲ್ಲರೆ ಕಡಿಮೆ ಬೀಳುತ್ತದೆ. 15 ಕಿಮೀ ವೇಗದಲ್ಲಿ ಅದು ಸುಮಾರು 130 ವ್ಯಾಟ್, ಆರೋಗ್ಯವಂತ ಮನುಷ್ಯ ಸ್ವಲ್ಪ ಹೊತ್ತು ಪೆಡಲಿನಲ್ಲಿ ಕೊಡಬಲ್ಲ ಶಕ್ತಿ. ಪೆಡಲ್ ಇಟ್ಟುಕೊಂಡಿರುವುದು ಇಂಥ ಜಾಗಕ್ಕೇ. ಶೇ 15ರ ದಾರಿಯಾದರೆ ಇಳಿದು ತಳ್ಳಿ.

ಅದೇ 35ರ ಅನುಪಾತದಲ್ಲಿ ವೇಗ ಎಷ್ಟು? 7,000ವನ್ನು 35ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 200 ಸುತ್ತು. ಸುತ್ತಿಗೆ 2.07 ಮೀಟರಿನಂತೆ ಗಂಟೆಗೆ 25 ಕಿಮೀ. ಎಳೆತ ಬೇಕೆಂದರೆ ವೇಗ ಬಿಡಬೇಕು, ಒಂದೇ ಗಿಯರಿನ ಗಾಡಿಯಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಕಾರವಾರ, ಕುಮಟಾದ ಸಮತಟ್ಟಿನಲ್ಲೇ ಓಡಾಟವಿದ್ದರೆ 27–28ರ ಅನುಪಾತ ಸಾಕು, ವೇಗ 31–32 ಕಿಮೀ. ಶಿರಸಿ, ಸಿದ್ದಾಪುರ ಕಡೆಯವರು 35ರ ಕೆಳಗೆ ಇಳಿಯಬೇಡಿ.

ಕ್ಲಚ್ ಸುಡುವುದು ಏಕೆ

ಈ ಎಂಜಿನ್‌ಗಳದು ಸೆಂಟ್ರಿಫ್ಯೂಗಲ್ ಕ್ಲಚ್. ವೇಗ ಏರಿದಂತೆ ಒಳಗಿನ ಎರಡು ಶೂಗಳು ಸ್ಪ್ರಿಂಗ್ ಎಳೆದುಕೊಂಡು ಹೊರಗೆ ಸರಿದು ಡ್ರಮ್ಮನ್ನು ಹಿಡಿಯುತ್ತವೆ. ಪೂರ್ತಿ ಹಿಡಿತ ಬರುವುದು 4,000 ಆರ್‌ಪಿಎಂನ ಸುಮಾರಿಗೆ. 35ರ ಅನುಪಾತದಲ್ಲಿ 4,000 ಎಂದರೆ ಗಂಟೆಗೆ 14 ಕಿಮೀ. ಅನುಪಾತ 20 ಇಟ್ಟವರಿಗೆ ಅದೇ 4,000 ಬರುವುದು ಗಂಟೆಗೆ 25 ಕಿಮೀನಲ್ಲಿ. ಅಂಥ ಗಾಡಿ ಏರಿನಲ್ಲಿ 18ಕ್ಕೆ ಇಳಿಯಿತು ಎನ್ನಿ. ಸವಾರ ಆಕ್ಸಿಲೇಟರ್ ಪೂರ್ತಿ ತಿರುವುತ್ತಾನೆ, ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ, ಶೂಗಳು ಡ್ರಮ್ಮಿನೊಳಗೆ ಉಜ್ಜುತ್ತಲೇ ಇರುತ್ತವೆ. ಕೆಲವೇ ನಿಮಿಷದಲ್ಲಿ ಸುಟ್ಟ ವಾಸನೆ, ಡ್ರಮ್ಮಿಗೆ ನೀಲಿ ಬಣ್ಣ, ಆಮೇಲೆ ಸಮತಟ್ಟಿನಲ್ಲೂ ಜಾರುವ ಕ್ಲಚ್. ‘ಎಂಜಿನ್‌ಗೆ ದಮ್ಮಿಲ್ಲ’ ಎಂದು ದೂರುವವರಲ್ಲಿ ಬಹಳ ಮಂದಿಗೆ ಆಗಿರುವುದು ಇದೇ. ದಮ್ಮು ಇದೆ, ಅದು ಚಕ್ರಕ್ಕೆ ತಲುಪುತ್ತಿಲ್ಲ. ಹೊರಡುವಾಗಲೂ ನಿಂತಲ್ಲಿಂದ ಆಕ್ಸಿಲೇಟರ್ ಕೊಡದೆ, ಪೆಡಲ್ ತುಳಿದು ಹತ್ತು ಕಿಮೀ ವೇಗಕ್ಕೆ ಬಂದ ಮೇಲೆ ಕೊಟ್ಟರೆ ಶೂಗಳ ಆಯಸ್ಸು ಎಷ್ಟೋ ಹೆಚ್ಚುತ್ತದೆ.

35ರ ಅನುಪಾತ ಒಂದೇ ಜೋಡಿ ಹಲ್ಲುಚಕ್ರದಿಂದ (ಸ್ಪ್ರಾಕೆಟ್) ಬರುವುದಿಲ್ಲ. ಮೊದಲಿಗೆ ಕ್ಲಚ್ಚಿಗೆ ಹೊಂದುವ, ಸುತ್ತನ್ನು ಐದರಲ್ಲೊಂದಕ್ಕೆ ಇಳಿಸುವ 5:1 ರಿಡಕ್ಷನ್ ಬಾಕ್ಸ್, ಅದರಾಚೆ 9 ಹಲ್ಲಿನಿಂದ 56 ಹಲ್ಲಿಗೆ ಚೈನು ಹಾಕಿದರೆ 31 ಬರುತ್ತದೆ: ವೇಗ 28 ಕಿಮೀ, ಎಳೆತ 7.7 ಕೆಜಿ. 8 ಹಲ್ಲಿನದು ಹಾಕಿದರೆ ಸರಿಯಾಗಿ 35, ಆದರೆ ಅಷ್ಟು ಸಣ್ಣ ಸ್ಪ್ರಾಕೆಟ್‌ನಲ್ಲಿ ಚೈನು ಎಳೆದೆಳೆದು ಓಡುತ್ತದೆ, ಹಲ್ಲು ಬೇಗ ಸವೆಯುತ್ತದೆ. ನಡುವೆ ಇನ್ನೊಂದು ಶಾಫ್ಟ್ ಕೊಟ್ಟು ಮೂರು ಹಂತ ಮಾಡುವುದು ಬಾಳಿಕೆಯ ದಾರಿ: 5:1 ಬಾಕ್ಸ್, 12ರಿಂದ 20, ಮತ್ತೆ 10ರಿಂದ 44. ಒಟ್ಟು 36.7. ಇನ್ನೊಂದು ಉಪಾಯವೂ ಇದೆ. 20 ಇಂಚಿನ ಚಕ್ರದ ಸೈಕಲ್ಲಿಗೆ 31ರ ಅನುಪಾತವೇ ಸಾಕು, ಎಳೆತ ಹತ್ತು ಕೆಜಿ ದಾಟುತ್ತದೆ, ವೇಗ 21 ಕಿಮೀ. ಹೊಂಡಗಳಲ್ಲಿ ಸಣ್ಣ ಚಕ್ರದ ಕುಲುಕಾಟ ತಡೆದುಕೊಳ್ಳಬೇಕು, ಅಷ್ಟೇ.

ಕ್ಲಚ್ ಡ್ರಮ್ಮನ್ನು ಕೂರಿಸುವಾಗ ಅದರ ನಡು ಎಂಜಿನ್ ಶಾಫ್ಟಿನ ನಡುವಿಗೆ ಸರಿಯಾಗಿ ಹೊಂದಿರಲಿ. ಸ್ವಲ್ಪ ಓರೆಯಾದರೂ ಶೂಗಳು ಒಂದೇ ಬದಿ ಸವೆಯುತ್ತವೆ, ಬೇರಿಂಗ್ ಕೂಗುತ್ತದೆ. ಸ್ಪ್ರೇಯರ್‌ನಿಂದ ಬಿಚ್ಚಿದ ಎಂಜಿನ್ ಕೊಳ್ಳುವವರು ಕ್ಲಚ್ ಇದೆಯೋ ಎಂದು ಮೊದಲೇ ನೋಡಿ, ಪಂಪಿಗೆ ನೇರ ಜೋಡಿಸಿದವುಗಳಲ್ಲಿ ಇರುವುದಿಲ್ಲ.

ಮಳೆಗಾಲಕ್ಕೆ ರೋಲರ್ ಬೇಡ

ಕಟ್ಟಲು ಎಲ್ಲಕ್ಕಿಂತ ಸುಲಭ ರೋಲರ್ ಡ್ರೈವ್: ಕ್ಲಚ್ಚಿನ ತುದಿಗೊಂದು ಉಕ್ಕಿನ ರೋಲರ್ ಹಾಕಿ, ಹಿಂದಿನ ಟೈರಿಗೆ ಒತ್ತಿ ಹಿಡಿಯುವುದು. 25 ಮಿಮೀ ರೋಲರ್ 7,000ದಲ್ಲಿ 33 ಕಿಮೀ ವೇಗ ಕೊಡುತ್ತದೆ, ಗಿಯರ್‌ಬಾಕ್ಸ್ ಬೇಡ, ಚೈನು ಬೇಡ. ಒಣ ಹವೆಯ ಊರಿನಲ್ಲಿ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಯ್ಯುವ ನಮ್ಮಲ್ಲಿ ಒದ್ದೆ ಟೈರಿನ ಮೇಲೆ ರೋಲರ್ ಸುಮ್ಮನೆ ತಿರುಗುತ್ತದೆ. ಜಾರದಿರಲಿ ಎಂದು ಹೆಚ್ಚು ಒತ್ತಿದರೆ ಟೈರು ಹರಿಯುತ್ತದೆ, ಶಾಫ್ಟಿನ ಮೇಲೆ ಅಡ್ಡ ಭಾರ ಬಿದ್ದು ಬೇರಿಂಗ್ ಹೋಗುತ್ತದೆ. ಜಂಬಿಟ್ಟಿಗೆ ಮಣ್ಣಿನ ಕೆಸರು ಸೇರಿದರೆ ಅದು ಮರಳುಕಾಗದದಂತೆ ಟೈರನ್ನು ಉಜ್ಜುತ್ತದೆ. ವರ್ಷಪೂರ್ತಿ ಓಡಿಸುವ ಗಾಡಿಗೆ ಚೈನೇ ಸರಿ.

ಟೂ-ಸ್ಟ್ರೋಕ್ ಕಿಟ್‌ನ ಬಗ್ಗೆ

ಕಾನೂನು ಬದಿಗಿಟ್ಟರೂ ಆ 66 ಸಿಸಿ ಕಿಟ್ ಘಟ್ಟಕ್ಕೆ ಒಗ್ಗುವ ಎಂಜಿನ್ ಅಲ್ಲ. ಅದಕ್ಕೆ ಫ್ಯಾನ್ ಇಲ್ಲ, ಗಾಡಿ ಓಡುವಾಗ ಬೀಸುವ ಗಾಳಿಯಿಂದಲೇ ತಣಿಯಬೇಕು. ಏರಿನಲ್ಲಿ ಎಂಜಿನ್ ಅತಿ ಹೆಚ್ಚು ಕಾಯುವ ಹೊತ್ತಿಗೇ ಗಾಡಿ ಅತಿ ನಿಧಾನ, ಗಾಳಿ ಅತಿ ಕಡಿಮೆ. ಪಿಸ್ಟನ್ ಹಿಡಿದುಕೊಳ್ಳುವುದು ಆಗಲೇ. ಕಳೆ ಮಷಿನ್ನಿನ ಎಂಜಿನ್‌ಗಳು ನಿಂತಲ್ಲೇ ಕೆಲಸ ಮಾಡಲೆಂದು ಹುಟ್ಟಿದವು. ಫ್ಲೈವೀಲೇ ಫ್ಯಾನ್ ಆಗಿ, ಪ್ಲಾಸ್ಟಿಕ್ ಕವಚದೊಳಗಿಂದ ಗಾಳಿಯನ್ನು ಸಿಲಿಂಡರಿಗೆ ತಳ್ಳುತ್ತದೆ. ಅದಕ್ಕೇ ಚೆಂದಕ್ಕೆಂದು ಆ ಕವಚ ಬಿಚ್ಚಬಾರದು.

ಕಿಟ್‌ನ ಇನ್ನೊಂದು ಭಾಗವನ್ನು ಹತ್ತಿರದಿಂದ ನೋಡಬೇಕು: ಚೈನ್ ಬಿಗಿ ಮಾಡುವ ಟೆನ್ಶನರ್. ಹಿಂಬದಿಯ ಫ್ರೇಮ್ ಪೈಪಿಗೆ ಎರಡು ಬೋಲ್ಟಿನಿಂದ ಕಚ್ಚಿಸುವ ತಗಡಿನ ಪಟ್ಟಿ, ತುದಿಯಲ್ಲೊಂದು ಪ್ಲಾಸ್ಟಿಕ್ ಉರುಳೆ. ನಡುಕಕ್ಕೆ ಬೋಲ್ಟ್ ಸಡಿಲವಾಗುತ್ತದೆ. ಚೈನಿನ ಎಳೆತಕ್ಕೆ ಪಟ್ಟಿ ಪೈಪಿನ ಸುತ್ತ ಒಳಕ್ಕೆ ತಿರುಗುತ್ತದೆ. ಉರುಳೆ ಕಡ್ಡಿಗಳ ನಡುವೆ ನುಗ್ಗಿ, ಓಡುತ್ತಿರುವ ಚಕ್ರ ತಟ್ಟನೆ ನಿಲ್ಲುತ್ತದೆ. ಸವಾರ ಬೀಳುತ್ತಾನೆ. ಯಾವ ಎಂಜಿನ್ ಹಾಕಿದರೂ ಹೀಗೆ ಕಚ್ಚಿಸಿದ ಟೆನ್ಶನರ್ ಬೇಡ. ಎಂಜಿನ್ ಸ್ಟ್ಯಾಂಡಿನಲ್ಲೇ ಉದ್ದ ತೂತು ಕೊಟ್ಟು, ಎಂಜಿನ್ನನ್ನೇ ಹಿಂದೆ ಮುಂದೆ ಸರಿಸಿ ಚೈನು ಬಿಗಿ ಮಾಡುವ ಹಾಗೆ ಮಾಡಿ. ಟೆನ್ಶನರ್ ಬೇಕೇ ಬೇಕೆಂದರೆ ಅದರ ಪಟ್ಟಿಯನ್ನು ಫ್ರೇಮಿಗೆ ವೆಲ್ಡ್ ಮಾಡಿಸಿ.

ಹಳೆಯ ಎಂಜಿನ್ ಪರೀಕ್ಷಿಸುವುದು

ಸೆಕೆಂಡ್ ಹ್ಯಾಂಡ್ ಜಿಎಕ್ಸ್25 ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು. ಬಿಸಿ ಮಾಡಿಟ್ಟಿದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಿಟ್ಟಿದ್ದಾರೆಂದೇ ತಿಳಿಯಿರಿ. ಹಗ್ಗವನ್ನು ನಿಧಾನ ಎಳೆದರೆ ಒಂದು ಹಂತದಲ್ಲಿ ಗಟ್ಟಿಯಾಗಿ ತಡೆಯಬೇಕು. ಸಲೀಸಾಗಿ ಬಂದರೆ ರಿಂಗೋ ವಾಲ್ವೋ ಹೋಗಿದೆ. ಆಯಿಲ್ ಮುಚ್ಚಳ ತೆಗೆದು ನೋಡಿ: ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಈ ಎಂಜಿನ್ನಿಗೆ ಹಿಡಿಸುವುದು ಬರೀ 80 ಮಿಲಿ ಆಯಿಲ್, ಅದರಲ್ಲಿ 30 ಮಿಲಿ ಕಡಿಮೆಯಾದರೂ ಅಪಾಯ. ಪ್ಲಗ್ ಬಿಚ್ಚಿ, ತುದಿ ಕಂದು ಬಣ್ಣವಿದ್ದರೆ ಸರಿ. ಒದ್ದೆ ಕಪ್ಪಾಗಿದ್ದರೆ ಆಯಿಲ್ ಸುಡುತ್ತಿದೆ. ಸ್ಟಾರ್ಟ್ ಮಾಡಿ ಆಕ್ಸಿಲೇಟರ್ ಬಿಟ್ಟಾಗ ಕ್ಲಚ್ ಡ್ರಮ್ ನಿಲ್ಲಬೇಕು. ನಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಐಡಲ್ (ಆಕ್ಸಿಲೇಟರ್ ಕೊಡದಾಗಿನ ವೇಗ) ಜಾಸ್ತಿಯಿದೆ.

ತಂದ ಮೇಲೆ ವಾಲ್ವ್ ಸಂದು ಅಳೆಯಿರಿ. ಇನ್‌ಲೆಟ್ 0.08 ಮಿಮೀ, ಎಕ್ಸಾಸ್ಟ್ 0.11 ಮಿಮೀ, ಎಂಜಿನ್ ತಣ್ಣಗಿರುವಾಗ. ಪ್ಲಗ್ ಗ್ಯಾಪ್ 0.6ರಿಂದ 0.7. ಆಯಿಲ್ 10ಡಬ್ಲ್ಯು-30, ಐವತ್ತು ಗಂಟೆ ಓಟಕ್ಕೊಮ್ಮೆ ಬದಲಿಸುವುದು, ಹೊಸ ಎಂಜಿನ್ ಆದರೆ ಮೊದಲ ಬಾರಿ ಹತ್ತು ಗಂಟೆಗೇ.

ಸೈಕಲ್ ಕಡೆ

ಅಲ್ಯೂಮಿನಿಯಂ ಫ್ರೇಮ್ ಬೇಡ. ಸ್ಟ್ಯಾಂಡಿನ ಕ್ಲಾಂಪ್ ತೆಳು ಪೈಪನ್ನು ಅಮುಕುತ್ತದೆ, ನಡುಕಕ್ಕೆ ವೆಲ್ಡ್ ಪಕ್ಕದಲ್ಲಿ ಬಿರುಕು ಬರುತ್ತದೆ. ಉಕ್ಕಿನ ಫ್ರೇಮ್, ಮುಂದೆ ಡಿಸ್ಕ್ ಬ್ರೇಕ್ ಇರುವುದು ಉತ್ತಮ. ಹಳೆಯ ಡಬಲ್ ಬಾರ್ ಸೈಕಲ್ಲಿನ ಫ್ರೇಮ್ ಆನೆಯಂಥದ್ದು, ಆದರೆ ರಾಡ್ ಬ್ರೇಕ್ ಒದ್ದೆ ಉಕ್ಕಿನ ರಿಮ್ಮಿನ ಮೇಲೆ ಹಿಡಿಯುವುದೇ ಇಲ್ಲ, ಹತ್ತಲು ಎಂಜಿನ್ ಹಾಕಿದವರು ಇಳಿಯಲೂ ಬೇಕಲ್ಲ. ಹಿಂಚಕ್ರಕ್ಕೆ 36 ಕಡ್ಡಿ ಇರಲಿ, ಸಾಧ್ಯವಾದರೆ 12 ಗೇಜಿನ ದಪ್ಪ ಕಡ್ಡಿ ಹಾಕಿಸಿ. 56 ಹಲ್ಲಿನ ಸ್ಪ್ರಾಕೆಟನ್ನು ಕಡ್ಡಿಗಳ ನಡುವೆ ರಬ್ಬರ್ ಇಟ್ಟು ಬಿಗಿಯುವ ಬದಲು ಹಬ್ಬಿಗೆ ಕಚ್ಚುವ ಅಡಾಪ್ಟರ್ ಬಳಸಿ. ರಬ್ಬರಿನ ವ್ಯವಸ್ಥೆಯಲ್ಲಿ ಒಂದು ಬೋಲ್ಟ್ ಹೆಚ್ಚು ಬಿಗಿಯಾದರೂ ಸ್ಪ್ರಾಕೆಟ್ ಓಲಾಡಿ ಚೈನು ಕಳಚುತ್ತದೆ. ಎರಡೂ ಸ್ಪ್ರಾಕೆಟ್ ಒಂದೇ ಗೆರೆಯಲ್ಲಿವೆಯೇ ಎಂದು ಉದ್ದ ಸ್ಕೇಲ್ ಇಟ್ಟು ನೋಡಿ, 2 ಮಿಮೀಗಿಂತ ಹೆಚ್ಚು ವ್ಯತ್ಯಾಸ ಬಿಡಬೇಡಿ.

ಪೆಟ್ರೋಲ್, ಉಪ್ಪುಗಾಳಿ

ಪೂರ್ತಿ ಆಕ್ಸಿಲೇಟರಿನಲ್ಲಿ ಜಿಎಕ್ಸ್25 ಗಂಟೆಗೆ ಸುಮಾರು 0.54 ಲೀಟರ್ ಕುಡಿಯುತ್ತದೆ. 28 ಕಿಮೀ ವೇಗಕ್ಕೆ ಅದು ಲೀಟರಿಗೆ 50 ಕಿಮೀ. ತಲೆನೋವು ಪೆಟ್ರೋಲಿನ ಪ್ರಮಾಣದ್ದಲ್ಲ, ಗುಣದ್ದು. ಕೈಪಿಡಿ ಹೇಳುವುದು ಶೇ 10ರವರೆಗಿನ ಎಥನಾಲ್, ಈಗ ಬಂಕಿನಲ್ಲಿ ಸಿಗುವುದು ಶೇ 20ರದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಕಡಿಮೆ. ನಿಂತ ಗಾಡಿಯ ಟ್ಯಾಂಕಿನ ಅಡಿಯಲ್ಲಿ ನೀರು ಬೇರೆಯಾಗಿ ಕೂರುತ್ತದೆ, ಕಾರ್ಬ್ಯುರೇಟರಿನ ತೆಳು ರಬ್ಬರ್ ಪೊರೆ ಗಡುಸಾಗುತ್ತದೆ, ಒಂದು ದಿನ ಎಂಜಿನ್ ಐಡಲ್‌ನಲ್ಲಿ ನಿಲ್ಲುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ. ಪೆಟ್ರೋಲ್ ಪೈಪು, ಪ್ರೈಮರ್ ಗುಳ್ಳೆ, ಪೊರೆಯ ಕಿಟ್ ಒಂದೊಂದು ಮನೆಯಲ್ಲಿರಲಿ, ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬದಲಿಸಿಬಿಡಿ.

ಸಮುದ್ರದ ಹತ್ತಿರದವರು ಸ್ಟ್ಯಾಂಡಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ಎಂಜಿನ್ನಿನ ಅಲ್ಯೂಮಿನಿಯಂ ಮರೆಗೆ (ಬೋಲ್ಟ್ ತಿರುಗಿ ಕೂರುವ ಸುರುಳಿ ಗೆರೆ, ಥ್ರೆಡ್) ಗ್ರೀಸ್ ಸವರಿಯೇ ಹಾಕಿ. ಒಣದಾಗಿ ಬಿಗಿದರೆ ಉಪ್ಪುಗಾಳಿಗೆ ಎರಡು ಲೋಹ ಒಂದನ್ನೊಂದು ಕಚ್ಚಿಕೊಂಡು, ಬಿಚ್ಚುವಾಗ ಬೋಲ್ಟಿನ ಜೊತೆ ಮರೆಯೂ ಕಿತ್ತು ಬರುತ್ತದೆ. ಚೈನಿಗೆ ವಾರಕ್ಕೊಮ್ಮೆ ಆಯಿಲ್, ಮಳೆಗಾಲದಲ್ಲಿ ಎರಡು ಸಲ. ಏರ್ ಫಿಲ್ಟರಿನ ಸ್ಪಂಜು ನೆನೆದಿದ್ದರೆ ಹಿಂಡಿ ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಸವರಿ ಮತ್ತೆ ಹಾಕಿ.